ತಲೆಯಲ್ಲಿ ನೀರು ತುಂಬಿದ ಮಗುವಿಗೆ ಹಣ ಕೂಡಿಸುವಾಗ

ಮಗುವಿನ ತಲೆಯಲ್ಲಿ ನೀರು ತುಂಬಿದೆ, ಆನ್‌ಲೈನಿನಲ್ಲಿ ಹಣ ಕೇಳಬೇಕು ಎಂದು ಬನಹಟ್ಟಿಯ ನನ್ನ ಝೆರಾಕ್ಸ್ ಅಂಗಡಿಗೆ ಬರುವ ನೇಕಾರರಿಗೆ ನಾನು ಮೊದಲು ಕೇಳುವುದು ರೇಷನ್ ಕಾರ್ಡು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಿರಿ. ಆದರೆ ನೆತ್ತಿ ಉಬ್ಬಿ, ಮಗು ವಾಂತಿ ಮಾಡುತ್ತ ಮಂಪರಿನಲ್ಲಿದ್ದರೆ ಪತ್ರಕ್ಕೂ ಹಣಕ್ಕೂ ಕಾಯಬೇಡಿ. ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ, ಅಲ್ಲಿ ಈ ಯೋಜನೆಗೆ ನೆರವಾಗುವ ಸಿಬ್ಬಂದಿಯಾದ ಆರೋಗ್ಯಮಿತ್ರರನ್ನು ಕಾಣಿರಿ.

ಆಸ್ಪತ್ರೆಯ ಅಂದಾಜು ವೆಚ್ಚವನ್ನು ಸಹಿ, ಮೊಹರಿನೊಂದಿಗೆ ಬರೆಸಿಕೊಳ್ಳಿ. ಶಸ್ತ್ರಚಿಕಿತ್ಸೆ, ಶಂಟ್ (ನೀರು ಇಳಿಸುವ ನಳಿಕೆ), ಸ್ಕ್ಯಾನ್, ಐಸಿಯು ಬೇರೆಬೇರೆಯಾಗಿ ಇರಲಿ. ಯೋಜನೆ ಭರಿಸುವುದನ್ನು ಕಳೆದು ಉಳಿದಷ್ಟನ್ನೇ ಕೇಳಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ನನಗೆ ಸಂಕಟವಾಗುವುದು ಅದಕ್ಕೇ. ಶಂಟ್ ಎಂದರೆ ಮೆದುಳಿನ ನೀರನ್ನು ಚರ್ಮದ ಕೆಳಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ. ಅದು ಕಟ್ಟಿಕೊಳ್ಳಬಹುದು, ಸೋಂಕು ತಗಲಬಹುದು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮುಂದಿನ ತಪಾಸಣೆ, ಬಸ್ಸಿನ ಖರ್ಚು, ಮಗ್ಗ ನಿಂತ ದಿನಗಳ ಮಜೂರಿ ಎಲ್ಲವನ್ನೂ ಮನವಿಯಲ್ಲಿ ನೇರವಾಗಿ ಬರೆಯಿರಿ. ಕಾರಣ ತಿಳಿದರೆ ಜನ ಕೊಡುತ್ತಾರೆ.

ಫೋಟೋದ ವಿಷಯದಲ್ಲಿ ನಾನು ಹಟಮಾರಿ. ಬೋಳಿಸಿದ ತಲೆಯ, ಅಳುವ ಮಗುವಿನ ಚಿತ್ರವನ್ನು ನಾನು ಹಾಕಿಕೊಡುವುದಿಲ್ಲ. ಆ ಮಗು ನಾಳೆ ಶಾಲೆಗೆ ಹೋಗುತ್ತದೆ, ಚಿತ್ರ ಮೊಬೈಲುಗಳಲ್ಲಿ ಉಳಿದೇ ಇರುತ್ತದೆ. ತಾಯಿಯ ತೊಡೆಯ ಮೇಲೆ ಕುಳಿತದ್ದು ಸಾಕು. ವರದಿಗಳನ್ನು ಹಾಕುವಾಗ ಆಧಾರ್ ಸಂಖ್ಯೆ, ಮನೆಯ ವಿಳಾಸ ಮುಚ್ಚಿ.

ಆನ್‌ಲೈನಿನಲ್ಲಿ ಹಣ ಕೂಡಿಸುವ ಮಿಲಾಪ್, ಕೆಟ್ಟೋದಂಥ ವೇದಿಕೆ ಆರಿಸುವ ಮುನ್ನ ಶುಲ್ಕವೆಷ್ಟು, ಹಣ ಯಾವಾಗ ಕೈಸೇರುತ್ತದೆ, ನೇರ ಆಸ್ಪತ್ರೆಯ ಖಾತೆಗೆ ಹೋಗುತ್ತದೆಯೇ ಎಂದು ವಿಚಾರಿಸಿ. ದೇಣಿಗೆಯ ಜೊತೆ ತನಗೆಂದು ಟಿಪ್ ಸೇರಿಸಿ ತೋರಿಸುವ ವೇದಿಕೆಯಾದರೆ ಅದು ಕಡ್ಡಾಯವಲ್ಲವೆಂದು ಕೊಡುವವರಿಗೆ ತಿಳಿಸಿ. ಹಣ ಬಿಡುಗಡೆ ಮಾಡಿಸುತ್ತೇವೆ ಎಂದು ಒಟಿಪಿ ಕೇಳುವ ಕರೆ ಬಂದರೆ ಇಟ್ಟುಬಿಡಿ.

ಮನವಿಯ ಕೊಂಡಿಯನ್ನು (ಲಿಂಕ್) ಮೊದಲು ಪರಿಚಿತರಿಗೆ ಕಳಿಸಿ: ಮಗ್ಗದ ಮಾಲೀಕರು, ಸಂಘದವರು, ಇಚಲಕರಂಜಿ, ಸೊಲ್ಲಾಪುರಕ್ಕೆ ದುಡಿಯಲು ಹೋದ ಊರಿನವರು. ಮನೆಯ ಬಾಗಿಲು ಗೊತ್ತಿರುವವರು ಕೊಟ್ಟರೆ ಅಪರಿಚಿತರಿಗೂ ನಂಬಿಕೆ ಬರುತ್ತದೆ. ಬಿಲ್ಲು ಬಂದಂತೆಲ್ಲ ಖರ್ಚಿನ ಲೆಕ್ಕವನ್ನು ಮನವಿಯ ಪುಟದಲ್ಲಿ ಹಾಕುತ್ತಿರಿ.

ಮನೆಗೆ ಬಂದ ಮೇಲೂ ಡಿಸ್ಚಾರ್ಜ್ ಕಾಗದ, ಸ್ಕ್ಯಾನಿನ ಸಿಡಿ ಒಂದೇ ಚೀಲದಲ್ಲಿ ಸಿದ್ಧವಿರಲಿ. ಜ್ವರ, ವಾಂತಿ, ಏಳದ ನಿದ್ದೆ ಕಂಡರೆ ರಾತ್ರಿಯಾದರೂ ಆ ಚೀಲ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ. ಮುಂದಿನ ಖರ್ಚಿಗೆಂದು ಕೇಳಿ ಉಳಿಸಿದ ಹಣ ಇರುವುದು ಆ ಪ್ರಯಾಣಕ್ಕೇ.