ಉಗುಳಬೇಡಿ ಅಂದರು ಡಾಕ್ಟರು

ಸರಿಯಾಗಿ ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೇ ನನ್ನ ಬುದ್ಧಿಹಲ್ಲಿಗೆ ಬುದ್ಧಿ ಕೆಟ್ಟಿತು. ಎಡಗಡೆ ಕೆಳದವಡೆಯ ಕಟ್ಟಕಡೆಯ ಹಲ್ಲು. ಎರಡು ವರ್ಷದಿಂದ ಆಗಾಗ ಒಸಡು ಬಾಯುತ್ತಿತ್ತು. ಲವಂಗ ಒತ್ತಿಟ್ಟುಕೊಂಡು, ಮಾತ್ರೆ ನುಂಗಿ ದಿನ ದೂಡಿದ್ದೆ. ಈ ಸಲ ಅದು ಬಗ್ಗಲಿಲ್ಲ.

ಶಿರಸಿಯ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು. ಹಲ್ಲು ನೆಟ್ಟಗೆ ಮೇಲೆ ಬರುವ ಬದಲು ಅಡ್ಡ ಮಲಗಿ, ಪಕ್ಕದ ಹಲ್ಲಿಗೆ ತಲೆ ಕೊಟ್ಟು ಗುದ್ದುತ್ತಿತ್ತು. ‘ಇಪ್ಪತ್ತರ ಆಸುಪಾಸಿನಲ್ಲಿ ಬಂದಿದ್ದರೆ ಸುಲಭ ಇತ್ತು, 43ಕ್ಕೆ ಮೂಳೆ ಗಟ್ಟಿ’ ಎಂದರು. ಒಸಡು ಕೊಯ್ದು, ಸ್ವಲ್ಪ ಮೂಳೆ ಕೆರೆದು, ಹಲ್ಲನ್ನು ತುಂಡು ಮಾಡಿ ತೆಗೆದರು. ಮೂರು ಹೊಲಿಗೆ. ಮರಗಟ್ಟಿಸಿದ್ದರಿಂದ ನೋವಿಲ್ಲ. ಆದರೆ ಆ ಸದ್ದು! ಒಣಗಿದ ಗೋಟಡಿಕೆಯನ್ನು ನನ್ನ ತಲೆಯೊಳಗೇ ಅಡಕತ್ತರಿಗೆ ಕೊಟ್ಟ ಹಾಗೆ.

ಗಾಯದ ಮೇಲೆ ಬ್ಯಾಂಡೇಜ್ ಬಟ್ಟೆಯ ಉಂಡೆ ಇಟ್ಟು 45 ನಿಮಿಷ ಗಟ್ಟಿಯಾಗಿ ಕಚ್ಚಿ ಹಿಡಿಯಲು ಹೇಳಿದರು. ಆಮೇಲೆ ಇನ್ನೊಂದು ಮಾತು: ‘ಉಗುಳಬೇಡಿ. ಬಾಯಿ ಮುಕ್ಕಳಿಸುವುದೂ ನಾಳೆಯಿಂದಲೇ.’

ನಾನು ಕವಳದ ಮನುಷ್ಯ, ಅಂದರೆ ಎಲೆಯಡಿಕೆ ಹಾಕುವವನು. ಊಟ ಆದ ಮೇಲೆ ಕವಳ, ಚಹಾ ಆದ ಮೇಲೆ ಕವಳ, ಯಾರಾದರೂ ಬಂದರೆ ಕವಳ. ಅಂಗಳದ ಅಂಚಿಗೆ ಹೋಗಿ ಪಿಚಕ್ಕನೆ ಉಗುಳುವುದು ನನಗೆ ಕಣ್ಣು ಮಿಟುಕಿಸಿದಷ್ಟೇ ಸಹಜ. ಅದಕ್ಕೇ ಇರಬೇಕು, ಡಾಕ್ಟರು ಕಾರಣವನ್ನೂ ಬಿಡಿಸಿ ಹೇಳಿದರು. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದ ಹಾಗೆ ಕೂರುತ್ತದೆ. ಆ ಆಸರೆಯಲ್ಲೇ ಹೊಸ ಮಾಂಸ ಬೆಳೆಯಬೇಕು. ಜೋರಾಗಿ ಉಗುಳಿದರೆ, ಸ್ಟ್ರಾದಲ್ಲಿ ಎಳನೀರು ಹೀರಿದರೆ, ಬೀಡಿ ಎಳೆದರೆ, ಆ ಸೆಳೆತಕ್ಕೆ ಹೆಪ್ಪು ಕಿತ್ತು ಬರಬಹುದು. ಕೆಳಗಿನ ಮೂಳೆ ಬಯಲಾಗುತ್ತದೆ. ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ. ಕಡಿಮೆಯಾಗಬೇಕಾದ ನೋವು ಮೂರನೇ, ನಾಲ್ಕನೇ ದಿನ ತಿರುಗಿ ಏಳುತ್ತದೆ, ಕಿವಿಯವರೆಗೂ ಹೊಡೆಯುತ್ತದೆ, ಬಾಯಿ ನಾರುತ್ತದೆ. ಹಾಗಾದರೆ ಮನೆಮದ್ದು ಸಾಲದು. ಅವರೇ ಗುಳಿ ತೊಳೆದು ಔಷಧಿ ತುಂಬಬೇಕು.

ಮನೆಗೆ ಬರುವಾಗ ಬಸ್ಸಿನಲ್ಲಿ ಬಾಯಿ ತುಂಬ ಎಂಜಲು, ಸ್ವಲ್ಪ ಕೆಂಪು. ಕಿಟಕಿ ಪಕ್ಕದ ಸೀಟು ಬೇರೆ. ಕುತ್ತಿಗೆ ತಾನಾಗಿಯೇ ಹೊರಗೆ ವಾಲಿತು. ಹೇಗೋ ನುಂಗಿದೆ. ಎರಡು ದಿನ ಎಂಜಲು ಕೆಂಪಗೇ ಇತ್ತು. ಒಂದು ಹನಿ ರಕ್ತ ಬಾಯಿ ತುಂಬ ಎಂಜಲನ್ನು ಕೆಂಪು ಮಾಡುತ್ತದೆ, ಹೆದರಬೇಕಿಲ್ಲ ಎಂದು ಮೊದಲೇ ಹೇಳಿದ್ದರು.

ನಾನು ಮಾಡಿದ ಒಂದೇ ಜಾಣತನ ಎಂದರೆ, ಮರಗಟ್ಟಿದ್ದು ಬಿಡುವ ಮೊದಲೇ ಅವರು ಕೊಟ್ಟ ನೋವಿನ ಮಾತ್ರೆ ತೆಗೆದುಕೊಂಡದ್ದು. ನೋವು ಏರಿದ ಮೇಲೆ ಮಾತ್ರೆ ಅದರ ಹಿಂದೆ ಓಡಬೇಕಾಗುತ್ತದೆ. ತುಟಿ ಇನ್ನೂ ಜೋಮು ಹಿಡಿದಿದ್ದರಿಂದ ಸಂಜೆಯವರೆಗೆ ಏನೂ ಅಗಿಯಲಿಲ್ಲ. ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲವಲ್ಲ. ಕೆಳದವಡೆಯ ನರ ಅಲ್ಲೇ ಹತ್ತಿರ ಹೋಗುತ್ತದಂತೆ. ಮರುದಿನವೂ ತುಟಿ ಜೋಮಿದ್ದರೆ ಫೋನ್ ಮಾಡಿ ಎಂದಿದ್ದರು. ನನ್ನದು ರಾತ್ರಿಯೇ ಬಿಟ್ಟಿತು.

ಐಸ್ ಇಡುವುದು ಕೇಳಲು ಸುಲಭ. ಇಪ್ಪತ್ತು ನಿಮಿಷ ಕೆನ್ನೆಗೆ ಹೊರಗಿನಿಂದ ಇಡುವುದು, ಇಪ್ಪತ್ತು ನಿಮಿಷ ಬಿಡುವುದು, ಒಂದೆರಡು ದಿನ. ನಮ್ಮಲ್ಲಿ ಆವತ್ತೇ ಕರೆಂಟು ಹೋಗಬೇಕೇ! ಫ್ರಿಜ್ಜಿನ ಐಸ್ ಕರಗಿದ ಮೇಲೆ ಬಾವಿಯ ನೀರಿನಲ್ಲಿ ಹಳೇ ಪಂಚೆ ತುಂಡು ಅದ್ದಿ ಅದ್ದಿ ಇಟ್ಟೆ. ಐಸಿನಷ್ಟಲ್ಲದಿದ್ದರೂ ಹಿತ ಅನ್ನಿಸಿತು. ರಾತ್ರಿ ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿದೆ. ಮಟ್ಟಸವಾಗಿ ಮಲಗಿದರೆ ದವಡೆಯಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು. ಇಷ್ಟೆಲ್ಲ ಮಾಡಿದರೂ ಮೂರನೇ ದಿನ ಮುಖ ಒಂದು ಕಡೆ ಹಲಸಿನಹಣ್ಣು. ಬಾವು ಏರುವುದೇ ಎರಡು ಮೂರು ದಿನ, ಆಮೇಲೆ ಇಳಿಯಬೇಕು. ಇಳಿಯದೆ ಏರಿದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಕಾಯುವ ಹಾಗಿಲ್ಲ. ಉಸಿರಿಗೆ ತೊಂದರೆ ಅನ್ನಿಸಿದರಂತೂ ನೇರ ದೊಡ್ಡ ಆಸ್ಪತ್ರೆಗೆ. ನನ್ನ ಹೆಂಡತಿ ಇದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಳು.

ಊಟದ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಹಲ್ಲಿಲ್ಲದವರಿಗೆಂದೇ ಮಾಡಿದ ಹಾಗಿದೆ ನಮ್ಮ ಅಡುಗೆ. ಆರಿದ ಗಂಜಿಗೆ ತುಪ್ಪ, ಮೆತ್ತಗೆ ಕಿವುಚಿದ ಅನ್ನಕ್ಕೆ ಒಂದೆಲಗದ ತಂಬುಳಿ, ಬಾಳೆಹಣ್ಣು. ಬಿಸಿ ಬೇಡ, ಖಾರ ಬೇಡ, ಅಷ್ಟೇ. ನಾಲ್ಕನೇ ದಿನ ಎಡವಟ್ಟಾದದ್ದು ಆ ತಂಬುಳಿಯಿಂದಲೇ. ಆಯಿ ಅಭ್ಯಾಸಬಲದಿಂದ ಸಾಸಿವೆ ಒಗ್ಗರಣೆ ಹಾಕಿಬಿಟ್ಟಿದ್ದರು. ಒಂದು ಕಾಳು, ಒಂದೇ ಒಂದು ಸಾಸಿವೆಕಾಳು, ಹೋಗಿ ಗುಳಿಯಲ್ಲಿ ಕೂತಿತು. ನಾಲಿಗೆಗೆ ಅದು ಅಡಿಕೆಯಷ್ಟು ದೊಡ್ಡದು! ಕಡ್ಡಿ ಹಾಕುವ ಆಸೆ ಆಗಿದ್ದು ಸುಳ್ಳಲ್ಲ. ಹಾಕಲಿಲ್ಲ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿಗೆ ತುಂಬಿಕೊಂಡೆ. ಗುಳುಗುಳು ಮಾಡದೆ, ತಲೆಯನ್ನಷ್ಟೇ ಆ ಕಡೆ ಈ ಕಡೆ ವಾಲಿಸಿ, ಬಚ್ಚಲಿಗೆ ಬಗ್ಗಿ ಬಾಯಿ ತೆರೆದೆ. ನೀರು ತಾನಾಗಿ ಬೀಳಬೇಕು. ಮೂರನೇ ಲೋಟಕ್ಕೆ ಕಾಳು ಬಂತು. ಈ ಉಪ್ಪುನೀರು ಎರಡನೇ ದಿನದಿಂದ, ತಿಂದಾಗಲೆಲ್ಲ, ದಿನಕ್ಕೆ ನಾಲ್ಕೈದು ಸಲ ನಡೆದೇ ಇತ್ತು. ಉಳಿದ ಹಲ್ಲುಗಳನ್ನು ಮೆತ್ತನೆ ಬ್ರಷ್‌ನಲ್ಲಿ ತಿಕ್ಕುತ್ತಿದ್ದೆ. ಗುಳಿಗೆ ಅರಿಶಿಣ ತುಂಬು, ಸುಣ್ಣ ಹಚ್ಚು ಎಂದವರಿಗೆ ಹ್ಞೂಂ ಎಂದು ಸುಮ್ನಾದೆ.

ಕೆಲಸದ್ದೇ ಕಷ್ಟ. ಭಾರ ಎತ್ತಬಾರದು, ಬಗ್ಗಬಾರದು. ಅಡಿಕೆಗೊನೆ ಇಳಿಸುವ ಕೊನೆಗೌಡ ಮರದ ತುದಿಯಲ್ಲಿ, ನಾನು ಕೆಳಗೆ ಕೈಸನ್ನೆಯಲ್ಲಿ. ಐದನೇ ದಿನ ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಬಿಸಿನೀರಿನ ಬಟ್ಟೆ ಇಟ್ಟು, ನಿಧಾನ ತೆರೆದು ಮುಚ್ಚಿ ಮಾಡಿದೆ. ಏಳನೇ ದಿನ ಹೊಲಿಗೆ ಬಿಚ್ಚಿದರು.

ಬಾಯಿ ತೆರೆಯುವುದರಲ್ಲಿ ಇನ್ನೊಂದು ವಿಷಯ ಇತ್ತು. ಹಲ್ಲು ಕೀಳುವ ಮೊದಲೇ ಡಾಕ್ಟರು ಮೂರು ಬೆರಳು ಒಟ್ಟಿಗೆ ನಿಲ್ಲಿಸಿ ಬಾಯಿಗಿಡಲು ಹೇಳಿದ್ದರು. ನನಗೆ ಎರಡೂವರೆ ಹೋಯಿತು. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಗಿನ ಚರ್ಮ ನಾರಿನ ಹಾಗೆ ಬಿಗಿಯುತ್ತದೆ, ಇದು ಅದರ ಶುರು ಎಂದರು. ತಂಬಾಕು ಹಾಕುವುದಿಲ್ಲ ಎಂದೆ. ಅಡಿಕೆಯೊಂದೇ ಸಾಕು ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅದನ್ನೇ ಬೆಳೆದು ಉಣ್ಣುವವನಿಗೆ ಇದು ಹಿತವಾದ ಸುದ್ದಿಯಲ್ಲ. ಪೇಪರಿನಲ್ಲಿ ಬಂದಾಗಲೆಲ್ಲ ಬೈದು ಪುಟ ಮಗುಚಿದವನೇ ನಾನು. ಈ ಸಲ ಬೆರಳು ನನ್ನದೇ, ಬಾಯಿಯೂ ನನ್ನದೇ.

ಮೊನ್ನೆ ನೆಂಟರು ಬಂದಿದ್ದರು. ಕವಳದ ತಟ್ಟೆ ನನ್ನ ಮುಂದೆ ಬಂತು. ಎಲೆಯ ತೊಟ್ಟು ಮುರಿದೆ, ಬೆನ್ನಿನ ನಾರು ತೆಗೆದೆ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿದೆ. ಒಂದು ಗಳಿಗೆ ಕೈಯಲ್ಲೇ ಇತ್ತು. ಆಮೇಲೆ ಅವರಿಗೆ ಕೊಟ್ಟೆ.