ಹಡಗು ನೇಪಲ್ಸ್‌ನಲ್ಲಿ ನಿಂತ ಒಂದು ಹಗಲು: ದೂರದ್ದು ಮೊದಲು, ಹತ್ತಿರದ್ದು ಕೊನೆಗೆ

ಮೆಡಿಟರೇನಿಯನ್ ಕ್ರೂಸ್‌ನ ಪಟ್ಟಿಯಲ್ಲಿ ‘ರೋಮ್’ ಎಂದು ಅಚ್ಚಾಗಿದ್ದರೂ ಹಡಗು ಲಂಗರು ಹಾಕುವುದು ಚಿವಿತಾವೆಕ್ಯಾ ಎಂಬ ಬೇರೆಯೇ ಊರಿನಲ್ಲಿ. ‘ಫ್ಲಾರೆನ್ಸ್’ ಎಂದಿದ್ದರೆ ಅದು ಲಿವೋರ್ನೊ. ಅಲ್ಲಿಂದ ಆ ಹೆಸರಾಂತ ನಗರಗಳನ್ನು ಮುಟ್ಟಲು ರೈಲಿನಲ್ಲಿ ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ನೇಪಲ್ಸ್ ಮಾತ್ರ ಹಾಗಲ್ಲ. 1930ರ ದಶಕದಲ್ಲಿ ಕಟ್ಟಿದ ‘ಸ್ತಾತ್ಸಿಯೋನೆ ಮಾರಿತ್ತಿಮಾ’ ಎಂಬ ಪ್ರಯಾಣಿಕರ ಕಟ್ಟಡದ ಪಕ್ಕದಲ್ಲಿಯೇ ಹಡಗು ನಿಲ್ಲುತ್ತದೆ. ಅದರ ಬಾಗಿಲು ದಾಟಿದರೆ ಎದುರಿಗೆ ಹದಿಮೂರನೆಯ ಶತಮಾನದ ಕಾಸ್ತೆಲ್ ನುವೊವೊ ಕೋಟೆಯ ಗೋಪುರಗಳು, ಅದರ ಪಕ್ಕದಲ್ಲಿ ಮೆಟ್ರೊ ನಿಲ್ದಾಣ. ಊರೇ ಕಾಲ ಬಳಿ ಇರುವ ಇಂಥ ಬಂದರಿನಲ್ಲಿ ಹಡಗಿನವರ ಬಸ್ ಪ್ರವಾಸಕ್ಕೆ ತಲೆಗಿಷ್ಟು ಎಂದು ದೊಡ್ಡ ಮೊತ್ತ ತೆರುವುದು ಬೇಡವೆಂದು ನಾನೂ ನನ್ನ ಹೆಂಡತಿಯೂ ಮೊದಲೇ ನಿರ್ಧರಿಸಿದ್ದೆವು. ಎಪ್ಪತ್ತು ದಾಟಿದ, ಮಂಡಿನೋವಿರುವ ಅಮ್ಮ ಜೊತೆಗಿದ್ದುದರಿಂದ ಆ ನಿರ್ಧಾರವನ್ನು ನಿಭಾಯಿಸಲು ಸ್ವಲ್ಪ ಲೆಕ್ಕಾಚಾರ ಬೇಕಾಯಿತು.

ಆ ಲೆಕ್ಕ ಶುರುವಾಗುವುದು ಕೊನೆಯಿಂದ. ಹಡಗು ಹೊರಡುವ ಸಮಯ ಸಂಜೆ ಆರೂವರೆ ಎಂದಿದ್ದರೂ ಪ್ರಯಾಣಿಕರೆಲ್ಲ ಒಳಗಿರಬೇಕಾದ ಸಮಯ ಆರು ಗಂಟೆಯಾಗಿತ್ತು. ಹಡಗಿನವರೇ ಮಾರುವ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ, ಮುಂದಿನ ಬಂದರಿಗೆ ಅವರು ತಮ್ಮ ಖರ್ಚಿನಲ್ಲಿಯೇ ಬಂದು ಸೇರಿಕೊಳ್ಳಬೇಕು. ಆದ್ದರಿಂದ ಆರು ಗಂಟೆಯಿಂದ ಹಿಂದಕ್ಕೆ ಎಣಿಸಿ, ಮಧ್ಯಾಹ್ನ ಒಂದು ಗಂಟೆಯ ನಂತರ ರೈಲು ಹತ್ತಿ ಊರು ಬಿಡುವಂತಿಲ್ಲ, ನಾಲ್ಕು ಗಂಟೆಯ ನಂತರ ಬಂದರಿಗೆ ನಡೆದೇ ಬರಬಹುದಾದಷ್ಟು ದೂರದಲ್ಲಿ ಮಾತ್ರ ಇರಬೇಕು ಎಂಬ ಎರಡು ಗೆರೆಗಳನ್ನು ಎಳೆದುಕೊಂಡೆವು. ದೂರದ್ದನ್ನು ಬೆಳಿಗ್ಗೆಯೇ ಮುಗಿಸಿ, ದಿನ ಇಳಿದಂತೆ ಹಡಗಿನ ಹತ್ತಿರಕ್ಕೆ ಸರಿಯುತ್ತ ಬಂದರೆ ಯಾವ ರೈಲು ಕೈಕೊಟ್ಟರೂ ಎದೆ ಹೊಡೆದುಕೊಳ್ಳುವುದಿಲ್ಲ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ: ನಿಧಾನವಾಗಿ ತಿಂಡಿ ತಿಂದು ಕೆಳಗಿಳಿದು, ಬಂದರಿನ ಸುತ್ತಮುತ್ತ ಅಡ್ಡಾಡಿ, ಹನ್ನೊಂದರ ಹೊತ್ತಿಗೆ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪ್ರಾಚೀನ ರೋಮನ್ ಊರಾದ ಪಾಂಪೇಗೆ ಹೊರಡುತ್ತಾರೆ, ಆಮೇಲೆ ಹಿಂದಿರುಗುವ ರೈಲಿನಲ್ಲಿ ಉದ್ದಕ್ಕೂ ಗಡಿಯಾರ ನೋಡುತ್ತ ನಿಲ್ಲುತ್ತಾರೆ.

ಗಡಿಯಾರದ ವಿಷಯದಲ್ಲಿ ಇನ್ನೊಂದು ಮಾತು. ಕೆಲವು ಹಡಗುಗಳು ದೇಶ ಬದಲಾದರೂ ತಮ್ಮ ಸಮಯವನ್ನು ಬದಲಾಯಿಸುವುದಿಲ್ಲ, ಮೊಬೈಲ್ ಮಾತ್ರ ದಡದ ಸಮಯಕ್ಕೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ಹಾಗಾಗಿ ಇಳಿಯುವ ಮುನ್ನ ಬಾಗಿಲ ಬಳಿಯ ಗಡಿಯಾರದೊಂದಿಗೆ ನಮ್ಮ ಕೈಗಡಿಯಾರವನ್ನು ಹೋಲಿಸಿಕೊಂಡೆವು. ಸಮುದ್ರದ ನಡುವೆ ಮೊಬೈಲ್ ಹಡಗಿನ ಉಪಗ್ರಹ ಜಾಲಕ್ಕೆ ಅಂಟಿಕೊಂಡರೆ ಬರುವ ಬಿಲ್ಲು ಟಿಕೆಟ್ಟಿನ ಬೆಲೆಯನ್ನೇ ಮೀರಿಸೀತು. ದಡದ ಜಾಲ ಸಿಗುವವರೆಗೂ ಫೋನು ಏರ್‌ಪ್ಲೇನ್ ಮೋಡ್‌ನಲ್ಲಿಯೇ ಇರಲಿ. ಹಿಂದಿನ ರಾತ್ರಿ ಕೋಣೆಗೆ ಬರುವ ದಿನಚರಿಯ ಹಾಳೆಯಲ್ಲಿ ಆ ಬಂದರಿನ ಏಜೆಂಟರ ಫೋನ್ ಸಂಖ್ಯೆ ಇರುತ್ತದೆ, ಅದನ್ನು ಫೋಟೊ ತೆಗೆದಿಟ್ಟುಕೊಂಡೆವು. ಹಡಗಿನ ಕಾರ್ಡು, ಪಾಸ್‌ಪೋರ್ಟ್ ಮತ್ತು ವೀಸಾದ ನಕಲು, ನೀರಿನ ಬಾಟಲಿ, ಅಮ್ಮನ ಮಾತ್ರೆ, ಇಷ್ಟನ್ನೇ ಚೀಲಕ್ಕೆ ಹಾಕಿದ್ದು. ಭಾರತದ ಪಾಸ್‌ಪೋರ್ಟ್ ಇರುವವರು ಗಮನಿಸಬೇಕಾದ ಸಂಗತಿಯೊಂದಿದೆ: ಹಡಗಿನ ದಾರಿಯಲ್ಲಿ ಟ್ಯುನಿಸ್, ಇಸ್ತಾಂಬುಲ್‌ನಂಥ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಕೂಟ) ಹೊರಗಿನ ಬಂದರು ಇದ್ದರೆ ಒಂದೇ ಬಾರಿ ಪ್ರವೇಶದ ವೀಸಾ ಸಾಲುವುದಿಲ್ಲ.

ಮೆಟ್ರೊದ ಮುನಿಚಿಪಿಯೊ ನಿಲ್ದಾಣಕ್ಕೆ ಅಮ್ಮನ ನಡಿಗೆಯಲ್ಲಿಯೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ಈ ನಿಲ್ದಾಣ ಕಟ್ಟಲು ಅಗೆದಾಗ ಪ್ರಾಚೀನ ನೇಪಲ್ಸ್‌ನ ಬಂದರೇ ಸಿಕ್ಕಿತು, ಜೊತೆಗೆ ರೋಮನ್ ಕಾಲದ ಮರದ ಹಡಗುಗಳೂ ಸಿಕ್ಕವು. ಕೆಲಸ ವರ್ಷಗಟ್ಟಲೆ ಎಳೆದು ನಿಲ್ದಾಣ ತೆರೆದದ್ದು 2015ರಲ್ಲಿ. ಲೈನ್ 1ರ ಗೇಟಿನಲ್ಲಿ ಬ್ಯಾಂಕ್ ಕಾರ್ಡನ್ನೇ ತಾಗಿಸಿ ಒಳಹೋಗಬಹುದು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬೇಕು. ಕಾಗದದ ಟಿಕೆಟ್ಟು ಬೇಕೆಂದರೆ ‘ತಾಬಾಕ್ಕಿ’ ಎಂಬ ಬೀಡಿ-ಸಿಗರೇಟಿನ ಅಂಗಡಿಗಳಲ್ಲಿ ದೊರೆಯುತ್ತದೆ. ಅಲ್ಲಿಂದ ಉನಿವೆರ್ಸಿತಾ, ದುವೊಮೊ ದಾಟಿದರೆ ಮೂರನೆಯ ನಿಲ್ದಾಣವೇ ಗಾರಿಬಾಲ್ದಿ, ಅಂದರೆ ನಗರದ ಮುಖ್ಯ ರೈಲು ನಿಲ್ದಾಣ. ವೆಸೂವಿಯಸ್ ಬೆಟ್ಟದ ಬುಡವನ್ನು ಬಳಸಿ ಹೋಗುವ ಚಿರ್ಕುಂವೆಸುವಿಯಾನಾ ಎಂಬ ಸಣ್ಣ ರೈಲು ಅದರ ಕೆಳಗಿನ ಅಂತಸ್ತಿನಿಂದ ಸಿಗುತ್ತದೆ.

ಈ ರೈಲು ಹೊರಡುವುದು ಗಾರಿಬಾಲ್ದಿಯಿಂದಲ್ಲ, ಅದರ ಹಿಂದಿನ ಪೋರ್ತಾ ನೊಲಾನಾ ನಿಲ್ದಾಣದಿಂದ. ಗಾರಿಬಾಲ್ದಿಗೆ ಬರುವಷ್ಟರಲ್ಲಿ ಬೋಗಿ ಅರ್ಧ ತುಂಬಿರುತ್ತದೆ, ಅಲ್ಲಿ ಕಾದಿದ್ದ ಪ್ರವಾಸಿಗರು ಹತ್ತಿದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಅಮ್ಮನಿಗೆ ಸೀಟು ಬೇಕೆಂಬ ಕಾರಣಕ್ಕೆ ನಾವು ಗಾರಿಬಾಲ್ದಿಯಲ್ಲಿ ಇಳಿದು ಹಿಂದಕ್ಕೆ ನಡೆದು ಪೋರ್ತಾ ನೊಲಾನಾದಲ್ಲಿಯೇ ಹತ್ತಿದೆವು. ಹತ್ತು ನಿಮಿಷದ ನಡಿಗೆಗೆ ಕಿಟಕಿ ಪಕ್ಕದ ಜಾಗ ದೊರೆಯಿತು. ಈ ರೈಲಿನಲ್ಲಿ ಜೇಬುಗಳ್ಳರ ಕಾಟ ಇದ್ದೇ ಇದೆ ಎಂದು ಊರಿನವರೇ ಎಚ್ಚರಿಸುತ್ತಾರೆ, ಚೀಲ ಹೊಟ್ಟೆಯ ಮುಂದಿರಬೇಕು. ಇನ್ನೊಂದು ಸಂಗತಿ ಮುಷ್ಕರ. ಇಟಲಿಯಲ್ಲಿ ಸಾರಿಗೆ ಮುಷ್ಕರವನ್ನು ಮುಂಚಿತವಾಗಿಯೇ ಪ್ರಕಟಿಸುವುದು ಕಡ್ಡಾಯ, ಬೆಳಿಗ್ಗೆ ಮತ್ತು ಸಂಜೆಯ ಕೆಲವು ಗಂಟೆ ಓಡಿಸಲೇಬೇಕಾದ ರೈಲುಗಳ ಪಟ್ಟಿಯೂ ಇರುತ್ತದೆ. ಹಡಗು ಹತ್ತುವ ವಾರ ‘ಶೋಪೆರೊ’ (sciopero, ಅಂದರೆ ಮುಷ್ಕರ) ಎಂಬ ಪದವನ್ನು ತಾರೀಖಿನ ಜೊತೆಗೆ ಹುಡುಕಿದರೆ ಗೊತ್ತಾಗಿಬಿಡುತ್ತದೆ.

ನಾವು ಇಳಿದದ್ದು ಪಾಂಪೇಯಲ್ಲಿ ಅಲ್ಲ, ಅದಕ್ಕಿಂತ ಹತ್ತಿರದ ಎರ್ಕೊಲಾನೊ ಸ್ಕಾವಿಯಲ್ಲಿ. ಪಾಂಪೇಯಂತೆಯೇ ಹೂತುಹೋಗಿದ್ದ ಇನ್ನೊಂದು ರೋಮನ್ ಊರು ಹರ್ಕ್ಯುಲೇನಿಯಂ ಇರುವುದು ಅಲ್ಲಿ. ಹಡಗಿನಲ್ಲಿ ಈ ಹೆಸರು ಕೇಳಿದವರೆಲ್ಲ ‘ಪಾಂಪೇ ಬಿಟ್ಟು ಅಲ್ಲಿಗೇಕೆ?’ ಎಂದು ಹುಬ್ಬೇರಿಸಿದರು. ಒಂದು ಹಗಲಷ್ಟೇ ಕೈಯಲ್ಲಿರುವವರಿಗೆ, ಅದರಲ್ಲೂ ಹಿರಿಯರು ಜೊತೆಗಿರುವವರಿಗೆ, ನಾನು ಇಂದಿಗೂ ಇದನ್ನೇ ಹೇಳುತ್ತೇನೆ. ಪಾಂಪೇಯ ಗೋಡೆಯೊಳಗಿನ ವಿಸ್ತಾರ 66 ಹೆಕ್ಟೇರ್, ನೆರಳು ಕಡಿಮೆ, ಕಲ್ಲು ಹಾಸಿದ ಬೀದಿಗಳಲ್ಲಿ ಅರ್ಧ ದಿನ ನಡೆದರೂ ಮುಗಿಯದು; 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಹಾಕಿ, ಹೆಸರು ನಮೂದಿಸಿದ ಟಿಕೆಟ್ಟನ್ನೇ ಕೊಡುತ್ತಿದ್ದಾರೆ. ಹರ್ಕ್ಯುಲೇನಿಯಂನಲ್ಲಿ ನೋಡಲು ಸಿಗುವುದು ಸುಮಾರು ನಾಲ್ಕೈದು ಹೆಕ್ಟೇರ್ ಮಾತ್ರ, ಎರಡು ಗಂಟೆಯಲ್ಲಿ ನಿಧಾನವಾಗಿಯೇ ಸುತ್ತಬಹುದು. ರೈಲಿನ ಪ್ರಯಾಣವೂ ಇಪ್ಪತ್ತು ನಿಮಿಷದ ಆಸುಪಾಸು, ಪಾಂಪೇಗಾದರೆ ಅದರ ಇಮ್ಮಡಿ. ಪಾಂಪೇ ಸ್ಕಾವಿಗೆ ಹೋಗುವುದು ಸೊರೆಂತೊ ಕಡೆಯ ರೈಲು ಮಾತ್ರ. ಎರ್ಕೊಲಾನೊದಲ್ಲಿ ಸೊರೆಂತೊ ರೈಲೂ ನಿಲ್ಲುತ್ತದೆ, ಬೇರೆ ದಾರಿಯವೂ ನಿಲ್ಲುತ್ತವೆ. ಹಿಂದಿರುಗಲು ಅವಸರವಿರುವ ದಿನ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ನಿಲ್ದಾಣದಿಂದ ಸಮುದ್ರದ ಕಡೆಗೆ ನೇರ ಇಳಿಜಾರಿನ ರಸ್ತೆ, ಅದರ ತುದಿಯಲ್ಲಿಯೇ ಬಾಗಿಲು. ಹೋಗುವಾಗ ಇಳಿದದ್ದನ್ನು ಬರುವಾಗ ಹತ್ತಬೇಕು ಎಂಬುದನ್ನು ಮಂಡಿನೋವಿನವರು ನೆನಪಿಡಬೇಕು. ನಾವು ಹಿಂದಿರುಗುವಾಗ ನಡುವೆ ಒಂದು ಕಾಫಿಯಂಗಡಿಯಲ್ಲಿ ಕುಳಿತು ಎದ್ದೆವು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟಿಸಿದಾಗ ಪಾಂಪೇಯ ಮೇಲೆ ಮೊದಲು ಸುರಿದದ್ದು ಹಗುರ ಕಲ್ಲು ಮತ್ತು ಬೂದಿ. ಈ ಊರಿಗೆ ನುಗ್ಗಿದ್ದು ಕುದಿಯುವ ಅನಿಲ ಮತ್ತು ಬೂದಿಯ ಪ್ರವಾಹ. ಅದು ಊರನ್ನು ಇಪ್ಪತ್ತು ಮೀಟರ್‌ನಷ್ಟು ಆಳದಲ್ಲಿ ಹೂತುಬಿಟ್ಟಿತು, ಮರ ಉರಿದು ಹೋಗದೆ ಇದ್ದಲ್ಲಿಯೇ ಇದ್ದಿಲಾಯಿತು. ಅದರಿಂದಾಗಿ ಇಲ್ಲಿ ಮಹಡಿಗಳಿವೆ, ತೊಲೆಗಳಿವೆ, ಬಾಗಿಲ ಚೌಕಟ್ಟುಗಳಿವೆ. ಮರದ ತಡಿಕೆಯ ಮನೆ ಎಂದು ಕರೆಯುವ ಒಂದು ಮನೆಯ ಹಜಾರದಲ್ಲಿ, ಒಳಕೋಣೆಯನ್ನು ಮರೆಮಾಡಲು ನಿಲ್ಲಿಸಿದ್ದ ಮರದ ಅಡ್ಡಗೋಡೆ ಎರಡು ಸಾವಿರ ವರ್ಷದ ನಂತರವೂ ನಿಂತೇ ಇದೆ. ಕಪ್ಪು ಹಲಗೆಯ ಅಂಚುಪಟ್ಟಿಗಳು ಎಣಿಸುವಷ್ಟು ಸ್ಪಷ್ಟವಾಗಿವೆ, ದೀಪ ತೂಗುಹಾಕಲು ಬಡಿದಿದ್ದ ಕಂಚಿನ ಕೊಕ್ಕೆಯೂ ಇದೆ.

ಅಮ್ಮ ಬಹಳ ಹೊತ್ತು ನಿಂತದ್ದು ಬೀದಿ ಬದಿಯ ಊಟದಂಗಡಿಯ ಮುಂದೆ. ಕಲ್ಲಿನ ಕಟ್ಟೆಯೊಳಗೆ ದೊಡ್ಡ ಮಣ್ಣಿನ ಪಾತ್ರೆಗಳನ್ನು ಕತ್ತಿನವರೆಗೆ ಹುದುಗಿಸಿ ಬಾಯಿ ಮಾತ್ರ ಮೇಲೆ ಬಿಟ್ಟಿದ್ದಾರೆ. “ನಮ್ಮಜ್ಜಿ ಮನೆಯಲ್ಲಿ ರಾಗಿ ತುಂಬಿಡುತ್ತಿದ್ದ ಗುಡಾಣದ ಬಾಯಿ ಹೀಗೇ ಇತ್ತು ಕಣೋ” ಎಂದು ಅದರ ಅಂಚಿನ ಮೇಲೆ ಕೈಯಾಡಿಸಲು ಹೋದರು. ಮುಟ್ಟಬಾರದಮ್ಮ ಎಂದು ನಾನೇ ತಡೆಯಬೇಕಾಯಿತು. ಕೆಳಗೆ, ಅಂದಿನ ಸಮುದ್ರದಂಡೆಯಲ್ಲಿ, ದೋಣಿ ಇಡಲು ಕಟ್ಟಿದ್ದ ಕಮಾನುಗಳ ಸಾಲಿದೆ. ಕಡಲಿನ ಮೇಲೆ ಯಾರಾದರೂ ಬಂದು ಕರೆದೊಯ್ದಾರು ಎಂದು ಅಲ್ಲಿ ಸೇರಿದ್ದ ಸುಮಾರು 300 ಜನರ ಎಲುಬುಗಳು 1980ರ ನಂತರದ ಉತ್ಖನನದಲ್ಲಿ ಸಿಕ್ಕವು. ಅಂದಿನ ದಂಡೆಯಿಂದ ಇಂದಿನ ಸಮುದ್ರ ನೂರಾರು ಮೀಟರ್ ಆಚೆ ಸರಿದಿದೆ. ಕಮಾನುಗಳ ಬಳಿ ಜನ ತಾವಾಗಿಯೇ ದನಿ ತಗ್ಗಿಸುತ್ತಿದ್ದರು.

ಹನ್ನೆರಡೂವರೆಯ ಹೊತ್ತಿಗೆ ನಾವು ಮತ್ತೆ ನೇಪಲ್ಸ್‌ನಲ್ಲಿದ್ದೆವು. ಇಲ್ಲಿಂದ ಮುಂದೆ ಗಡಿಯಾರದ ಚಿಂತೆ ಬಹುಪಾಲು ಕಳೆದಿತ್ತು. ಹಳೆಯ ಊರಿನ ಬೀದಿಗಳು ಕಿರಿದು, ನೆಲಕ್ಕೆ ಹಾಸಿದ ಕಪ್ಪು ಕಲ್ಲಿನ ಚಪ್ಪಡಿಗಳು ಮೇಲುಕೆಳಗಾಗಿವೆ, ಸ್ಕೂಟರುಗಳು ಹೆಗಲು ಸವರಿಕೊಂಡೇ ಹೋಗುತ್ತವೆ. ಆದರೂ ಯಾರೂ ಅವಸರಪಡುವುದಿಲ್ಲ. ಇಲ್ಲಿಯ ಪಿಜ್ಜಾಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಸೌದೆಯ ಒಲೆಯಲ್ಲಿ ಒಂದೂವರೆ ನಿಮಿಷದೊಳಗೆ ಬೆಂದು ಬರುತ್ತದೆ, ಇದನ್ನು ಮಾಡುವವರ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಹೆಸರಾಂತ ಅಂಗಡಿಗಳ ಮುಂದೆ ಗಂಟೆಗಟ್ಟಲೆ ಸಾಲು ಇರುತ್ತದೆ. ಹಡಗಿನವರಿಗೆ ಅದು ಸಲ್ಲದು. ಪಕ್ಕದ ಸಾಧಾರಣ ಅಂಗಡಿಯಲ್ಲಿ ನಾಲ್ಕು ಮಡಿಕೆ ಮಾಡಿ ಕಾಗದದಲ್ಲಿ ಸುತ್ತಿ ಕೊಡುವ ಪಿಜ್ಜಾವನ್ನು ನಿಂತೇ ತಿಂದೆವು.

ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವ ಭಯವಿಲ್ಲ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಇಷ್ಟೇ ಇರುವ ಮರಿನಾರಾ ಎಲ್ಲೆಡೆ ಸಿಗುತ್ತದೆ. ಎಚ್ಚರ ಬೇಕಾಗಿರುವುದು ನಿರುಪದ್ರವಿಯಾಗಿ ಕಾಣುವ ತಿನಿಸುಗಳ ಬಗ್ಗೆ. ಬಾದಾಮಿ ಮತ್ತು ಮೆಣಸು ಹಾಕಿದ ತರಾಲ್ಲೊ ಎಂಬ ಗರಿಗರಿ ಬಳೆಯಲ್ಲಿಯೂ, ಪದರು ಪದರಾದ ಸ್ಫೊಲ್ಯಾತೆಲ್ಲಾ ಎಂಬ ಸಿಹಿಯಲ್ಲಿಯೂ ಸಾಂಪ್ರದಾಯಿಕವಾಗಿ ಹಾಕುವುದು ಹಂದಿಯ ಕೊಬ್ಬು. ‘ಸುನ್ಯಾ’ ಅಥವಾ ‘ಸ್ತ್ರುತ್ತೊ’ ಇದೆಯೇ ಎಂದು ಕೇಳಿದರೆ ಅಂಗಡಿಯವರು ನೇರವಾಗಿ ಹೇಳುತ್ತಾರೆ. ಕರಿದ ಪಿಜ್ಜಾದ ಹೂರಣದಲ್ಲಿಯೂ ಹಂದಿಯ ಚೂರುಗಳಿರುವುದು ಸಾಮಾನ್ಯ. ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ಬೆಲೆ, ಮೇಜಿಗೆ ಕುಳಿತರೆ ಹೆಚ್ಚು. ನಮ್ಮ ದರ್ಶಿನಿಗಳಿಗೆ ಒಗ್ಗಿದವರಿಗೆ ನಿಲ್ಲುವುದೇನೂ ಹೊಸದಲ್ಲ.

ಊಟದ ನಂತರ ಸಾಂತಾ ಕಿಯಾರಾ ಮಠದ ಒಳಾಂಗಣದಲ್ಲಿ ಅರ್ಧ ಗಂಟೆ ಕುಳಿತೆವು. ಹೂಬಳ್ಳಿ, ಹಳ್ಳಿಯ ಬದುಕಿನ ಚಿತ್ರಗಳಿರುವ ಹಳದಿ-ನೀಲಿ ಹೆಂಚುಗಳ ಕಂಬಗಳ ನಡುವೆ ನಿಂಬೆಗಿಡಗಳು ಇವೆ, ಹೊರಗಿನ ಗದ್ದಲ ಇಲ್ಲಿಗೆ ಕೇಳುವುದಿಲ್ಲ. ಮುಸುಕು ಹೊದ್ದ ಕ್ರಿಸ್ತನ ಅಮೃತಶಿಲೆಯ ವಿಗ್ರಹವಿರುವ ಸಾನ್ಸೆವೆರೊ ಪ್ರಾರ್ಥನಾ ಮಂದಿರವೂ ಹತ್ತಿರವೇ. 1753ರ ಆ ವಿಗ್ರಹವನ್ನು ನೋಡಬೇಕೆನ್ನುವವರು ಬಹಳ ಮುಂಚೆಯೇ ಆನ್‌ಲೈನ್ ಟಿಕೆಟ್ ಮಾಡಿಸಿರಬೇಕು, ಬಾಗಿಲಲ್ಲಿ ನಿಂತು ಕೇಳಿ ಪ್ರಯೋಜನವಿಲ್ಲ.

ಅಲ್ಲಿಂದ ವಿಯಾ ತೊಲೇದೊ ರಸ್ತೆಗೆ ಬಂದು, ಔಗುಸ್ತೆಯೊ ನಿಲ್ದಾಣದಿಂದ ಫುನಿಕೊಲಾರೆ ಹಿಡಿದೆವು. ಹಗ್ಗದಿಂದ ಎಳೆಯುವ ಈ ಇಳಿಜಾರು ರೈಲು 1928ರಿಂದ ಗುಡ್ಡದ ಮೇಲಿನ ವೊಮೆರೊ ಬಡಾವಣೆಗೆ ಜನರನ್ನು ಒಯ್ಯುತ್ತಿದೆ. ದುರಸ್ತಿಗೆಂದು ನಿಂತಿದ್ದರೆ ಮೆಟ್ರೊ ಲೈನ್ 1ರಲ್ಲಿ ವಾನ್ವಿತೆಲ್ಲಿ ನಿಲ್ದಾಣಕ್ಕೆ ಹೋದರೂ ಅದೇ ಗುಡ್ಡದ ಮೇಲಿರುತ್ತೀರಿ. ಕೊನೆಯ ನಿಲ್ದಾಣದಿಂದ ಸಾಂತೆಲ್ಮೊ ಕೋಟೆಗೆ ಹತ್ತು ನಿಮಿಷ. ಮೇಲೆ ನಿಂತರೆ ಕೊಲ್ಲಿ, ಎರಡು ತುದಿಯ ವೆಸೂವಿಯಸ್, ಕೆಳಗೆ ಊರನ್ನು ಚಾಕುವಿನಿಂದ ಸೀಳಿದಂತೆ ನೇರವಾಗಿ ಹಾಯುವ ಸ್ಪಾಕ್ಕಾನಾಪೊಲಿ ಬೀದಿ, ಬಂದರಿನಲ್ಲಿ ನಮ್ಮ ಹಡಗು, ಎಲ್ಲವೂ ಒಟ್ಟಿಗೇ ಕಾಣುತ್ತವೆ. “ಅಲ್ಲೇ ಇದೆಯಲ್ಲ ರೀ, ಇನ್ನೂ ಹತ್ತು ನಿಮಿಷ ಇರೋಣ” ಎಂದು ಹೆಂಡತಿ ಹೇಳಿದಾಗ ಬೇಡವೆನ್ನಲು ನನಗೆ ಯಾವ ಕಾರಣವೂ ಇರಲಿಲ್ಲ. ಮೊಣಕಾಲು ಗಟ್ಟಿಯಿರುವವರು ಪೆದಮೆಂತಿನಾ ಎಂಬ 414 ಮೆಟ್ಟಿಲುಗಳ ಹಾದಿಯಲ್ಲಿ ಇಳಿಯಬಹುದು. ನಾವು ಫುನಿಕೊಲಾರೆಯಲ್ಲಿಯೇ ಇಳಿದೆವು.

ಅಲ್ಲಿಂದ ಬಂದರಿಗೆ ಕಾಲ್ನಡಿಗೆ. ಗಾಜಿನ ಚಾವಣಿಯ ಉಂಬೆರ್ತೊ ಗ್ಯಾಲರಿಯನ್ನು ಒಳಗಿನಿಂದಲೇ ಹಾದು, ಕೋಟೆಯನ್ನು ಬಲಕ್ಕೆ ಬಿಟ್ಟು ನಡೆದರೆ ಹಡಗು. ಅಮ್ಮ ಸುಸ್ತಾದರೆ ಟ್ಯಾಕ್ಸಿ ಇದ್ದೇ ಇತ್ತು. ನೇಪಲ್ಸ್‌ನಲ್ಲಿ ಕೆಲವು ದಾರಿಗಳಿಗೆ ನಗರಸಭೆ ಗೊತ್ತುಮಾಡಿದ ದರವಿದೆ, ಆದರೆ ಹತ್ತುವ ಮೊದಲೇ ಆ ದರ ಬೇಕೆಂದು ಕೇಳಬೇಕು, ಇಲ್ಲದಿದ್ದರೆ ಮೀಟರ್ ಓಡುತ್ತದೆ. ಐದು ಗಂಟೆಗೆ ಭದ್ರತಾ ತಪಾಸಣೆಯ ಸಾಲಿನಲ್ಲಿದ್ದೆವು. ಕೊನೆಯ ಅರ್ಧ ಗಂಟೆಯಲ್ಲಿ ಬಸ್ಸುಗಳೆಲ್ಲ ಒಟ್ಟಿಗೆ ಬಂದು ಈ ಸಾಲು ಬೆಳೆಯುತ್ತದೆ. ಹಣ್ಣು-ತರಕಾರಿಯನ್ನು ಹಡಗಿಗೆ ತರಲು ಹಲವು ಹಡಗಿನವರು ಬಿಡುವುದಿಲ್ಲ, ಮದ್ಯದ ಬಾಟಲಿಯನ್ನು ಪಡೆದಿಟ್ಟುಕೊಂಡು ಪ್ರವಾಸದ ಕೊನೆಗೆ ಕೊಡುತ್ತಾರೆ.

ನಿಮ್ಮ ಹಡಗು ಅಲ್ಲಿ ನಿಲ್ಲುವುದು ಮಂಗಳವಾರವಾದರೆ ಪುರಾತತ್ವ ವಸ್ತುಸಂಗ್ರಹಾಲಯಕ್ಕೂ ಸಾನ್ಸೆವೆರೊಗೂ ರಜೆ ಇರುತ್ತದೆ, ಅವೆರಡನ್ನೂ ಪಟ್ಟಿಯಿಂದ ತೆಗೆಯಿರಿ. ಬೇರೆ ದಿನವಾಗಿದ್ದು ಮಳೆ ಹಿಡಿದಿದ್ದರೆ ಹರ್ಕ್ಯುಲೇನಿಯಂ ಬದಲು ಆ ಸಂಗ್ರಹಾಲಯಕ್ಕೇ ಹೋಗಿ. ಪಾಂಪೇ, ಹರ್ಕ್ಯುಲೇನಿಯಂಗಳಿಂದ ತೆಗೆದ ಚಿತ್ರಗಳೂ ಮೊಸಾಯಿಕ್‌ಗಳೂ ಬಹುಪಾಲು ಅಲ್ಲಿಯೇ ಇವೆ, ಮುನಿಚಿಪಿಯೊದಿಂದ ಮೆಟ್ರೊದಲ್ಲಿ ಮೂರನೆಯ ನಿಲ್ದಾಣ.