ಮೀನಿನ ಲಾರಿಯ ವೀಲ್ ನಟ್ಟೂ ನನ್ನ ಟಾರ್ಕ್ ಮಲ್ಟಿಪ್ಲೈಯರೂ

ಮಲ್ಪೆಯಿಂದ ಹೊರಡುವ ಮೀನಿನ ಲಾರಿಗಳ ವೀಲ್ ನಟ್ ಬಿಚ್ಚಿದವರಿಗೆ ಆ ಗೋಳು ಗೊತ್ತು. ಐಸ್ ಕರಗಿದ ಉಪ್ಪುನೀರು ಹಗಲೂ ರಾತ್ರಿ ಚಕ್ರದ ಮೇಲೆ ಸೋರುತ್ತಿರುತ್ತದೆ. ಅದರ ಜೊತೆಗೆ ಯಾರೋ ನಟ್ ಬಿಗಿಯುವ ಗಾಳಿ ಗನ್ ಹಿಡಿದು ಅಳತೆಯಿಲ್ಲದೆ ಬಿಗಿದಿರುತ್ತಾರೆ. ಪಾನಾಕ್ಕೆ ಸಿಕ್ಕಿಸಿದ ಆರಡಿ ಪೈಪಿನ ಮೇಲೆ ಇಬ್ಬರು ಹತ್ತಿ ಕುಣಿದರೂ ನಟ್ ಜಪ್ಪಯ್ಯ ಅನ್ನುವುದಿಲ್ಲ.

ಗ್ಯಾಸ್ ಕಟರ್ ಕರೆಸಿದರೆ ನಟ್ ಜೊತೆ ಅದು ಕೂರುವ ಬೋಲ್ಟು, ಅಂದರೆ ಸ್ಟಡ್ಡೂ ಹೋಗುತ್ತದೆ. ಹಬ್ ಬಿಚ್ಚುವ ಕೂಲಿ, ಹೊಸ ಸ್ಟಡ್ಡು, ಅರ್ಧ ದಿನ. ಅಷ್ಟರಲ್ಲಿ ಹಿಂದೆ ಮೀನು ಕೊಳೆಯುತ್ತಿರುತ್ತದೆ, ಡ್ರೈವರ್ ಬೈಯುತ್ತಿರುತ್ತಾನೆ. ಒಂದಿಂಚಿನ ಗನ್ನು, ಅದಕ್ಕೆ ತಕ್ಕ ಕಂಪ್ರೆಸರ್ ಎರಡಕ್ಕೂ ದುಡ್ಡು ಜಾಸ್ತಿ. ರಸ್ತೆ ಬದಿಗೆ ಹೊತ್ತುಕೊಂಡು ಹೋಗುವಂಥದ್ದೂ ಅಲ್ಲ.

ಹಾಗಾಗಿ ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ಟಾರ್ಕ್ ಮಲ್ಟಿಪ್ಲೈಯರ್ ತಂದೆ, ಅಂದರೆ ಒಳಗಿನ ಗೇರಿನಿಂದ ಕೈಯ ತಿರುಚು ಬಲವನ್ನು ಹಲವು ಪಟ್ಟು ಮಾಡುವ ಸಾಧನ. ಮೂರೂವರೆ ಸಾವಿರ ಇರಬೇಕು, ಡಬ್ಬಿಯ ಮೇಲೆ 1:58 ಅಂತ ಬರೆದಿತ್ತು. ಪಕ್ಕದ ಗ್ಯಾರೇಜಿನವರು ನೋಡಿ, “ಇದೆಂತ ಮಾರಾಯ, ಐಸ್‌ಕ್ರೀಮ್ ಮಾಡ್ತೀಯಾ?” ಅಂದರು.

ಮೊದಲ ವಾರ ನಕ್ಕವರದ್ದೇ ಗೆಲುವು. ಜೊತೆಗೆ ಬಂದ ಸಾಕೆಟ್ ಸೀಳಿತು. ಸಾಧನವೇ ತಿರುಗದಂತೆ ಒತ್ತು ಕೊಡುವ ಅದರ ಕಾಲು ಪಕ್ಕದ ನಟ್ಟಿನಿಂದ ಜಾರಿ ರಿಮ್ಮಿಗೆ ಗೀರು ಹಾಕಿತು. ಮೊದಲು ಸಾಕೆಟ್ ಬದಲಿಸಿದೆ: ದಪ್ಪ ಗೋಡೆಯ ಇಂಪ್ಯಾಕ್ಟ್ ಸಾಕೆಟ್, ಏಳೆಂಟು ನೂರು ಕೊಟ್ಟೆ. ಆಮೇಲೆ ಕಾಲು. ಅದು ಸ್ಟಡ್ಡಿನ ತುದಿಗೆ ತಾಗಿದರೆ ಸ್ಟಡ್ ಬಾಗುತ್ತದೆ. ರಿಮ್ಮಿಗೆ ಅಂಟಿಕೊಂಡು, ಪಕ್ಕದ ನಟ್ಟಿನ ಬುಡಕ್ಕೇ ಕೂರಬೇಕು. ಅಲ್ಲಿ ಜಾರದ ಹಾಗೆ ನಾನೊಂದು ತುಂಡು ಇಡುತ್ತೇನೆ. ಅದೇನು ಅಂತ ಹೇಳಲ್ಲ, ನನ್ನ ಹೊಟ್ಟೆಪಾಡು ಅಲ್ವಾ!

ಹ್ಯಾಂಡಲ್ ತಿರುಗಿಸಿದರೆ ಮೊದಲ ಕೆಲವು ಸುತ್ತು ಸುಮ್ನೆ ಸಡಿಲ. ಆಮೇಲೆ ಕಾಲು ಒತ್ತಿ ನಿಲ್ಲುತ್ತದೆ, ಕೈಗೆ ಭಾರ ಬರುತ್ತದೆ. ಇನ್ನೂ ತಿರುಗಿಸಿದರೆ ನಟ್ಟಿನ ಬುಡದಿಂದ ಕೆಂಪು ತುಕ್ಕಿನ ಪುಡಿ ಉದುರುತ್ತದೆ. ‘ಟಕ್’ ಅನ್ನುತ್ತದೆ, ಕೈ ಹಗುರಾಗುತ್ತದೆ. ಅಷ್ಟೇ. ಪೈಪಿನಲ್ಲಾದರೆ ಅದೇ ಹೊತ್ತಿಗೆ ಆಳು ನೆಲಕ್ಕೆ ಬಿದ್ದಿರುತ್ತಿದ್ದ.

ಲೆಕ್ಕ ನೋಡಿ. ಕಾಲು ಮೀಟರ್ ಹ್ಯಾಂಡಲಿಗೆ 15 ಕೆಜಿ ಒತ್ತಿದರೂ 58ರಿಂದ ಗುಣಿಸಿದರೆ 200 ಕೆಜಿ-ಮೀಟರ್ ದಾಟುತ್ತದೆ. ಗೇರಿನ ತಿಕ್ಕಾಟದಲ್ಲಿ ಮೂರರಲ್ಲೊಂದು ಪಾಲು ಹೋಯಿತು ಅಂದುಕೊಂಡರೂ, ಆರಡಿ ಪೈಪಿನ ತುದಿಯಲ್ಲಿ 70 ಕೆಜಿ ಆಳು ನಿಂತದ್ದಕ್ಕಿಂತ ಜಾಸ್ತಿಯೇ. ನಟ್ ಒಂದು ಸುತ್ತು ಬರಬೇಕಾದರೆ ನೀವು 58 ಸುತ್ತು ಹೊಡೆಯಬೇಕು. ಅದಕ್ಕೇ ಬಿಗಿ ಬಿಟ್ಟ ಕೂಡಲೇ ತೆಗೆದು ಮಾಮೂಲಿ ಪಾನಾ ಹಾಕುತ್ತೇನೆ. ತೆಗೆಯುವಾಗ ಕಾಲು ಪಕ್ಕದ ನಟ್ಟಿಗೆ ಕಚ್ಚಿಕೊಂಡಿರುತ್ತದೆ. ಹ್ಯಾಂಡಲನ್ನು ಉಲ್ಟಾ ಸ್ವಲ್ಪ ತಿರುಗಿಸಿದರೆ ಬಿಡುತ್ತದೆ, ಸುತ್ತಿಗೆ ಬೇಡ. ಬೆರಳನ್ನು ಮಾತ್ರ ಆ ಸಂದಿಗೆ ಇಡಬೇಡಿ.

ಮಧ್ಯೆ ಎಣ್ಣೆಗಳ ಹುಚ್ಚೂ ಹಿಡಿದಿತ್ತು. ಡೀಸೆಲ್, ಸೀಮೆಎಣ್ಣೆ, ಪವರ್ ಸ್ಟೀರಿಂಗ್ ಆಯಿಲಿಗೆ ಅಸಿಟೋನ್ ಬೆರೆಸಿದ್ದು, ಎಲ್ಲ ನೋಡಿದೆ. ಅಸಿಟೋನ್ ಮಿಶ್ರಣ ರಾತ್ರಿಯಿಡೀ ಬಿಟ್ಟರೆ ಪರವಾಗಿಲ್ಲ. ಆದರೆ ಮೀನಿನ ಲಾರಿ ರಾತ್ರಿಯಿಡೀ ನಿಲ್ಲುತ್ತದೆಯೇ?

ಹಳೇ ಲಾರಿಗಳಲ್ಲಿ ಎಡಗಡೆ ಚಕ್ರಕ್ಕೆ ಉಲ್ಟಾ ತ್ರೆಡ್ ಇರುತ್ತದೆ, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಪೈಪಿನಲ್ಲಿ ತಪ್ಪು ದಿಕ್ಕಿಗೆ ಎಳೆದರೆ ಕೈಗೆ ಗೊತ್ತಾಗುತ್ತದೆ. ಇದರಲ್ಲಿ ಗೊತ್ತಾಗುವ ಮೊದಲೇ ಸ್ಟಡ್ ಕಟ್. ಬಿಗಿ ಮಾಡಲೂ ಇದನ್ನು ಬಳಸಬೇಡಿ, ಎಷ್ಟು ಬಿಗಿಯಾಯಿತು ಅಂತ ತಿಳಿಯುವುದೇ ಇಲ್ಲ. ಅದಕ್ಕೆ ಬಿಗಿ ಅಳೆಯುವ ಪಾನಾ, ಟಾರ್ಕ್ ರೆಂಚ್ ಇದೆ.

ಹಾಕಿದ ದುಡ್ಡು ಎರಡು ತಿಂಗಳೊಳಗೆ ಬಂತು. ಐಸ್‌ಕ್ರೀಮ್ ಅಂದವರು ಈಗ ವಾರಕ್ಕೊಮ್ಮೆ ಬಂದು ಕೇಳುತ್ತಾರೆ. ಕೊಡುತ್ತೇನೆ, ಬಾಡಿಗೆ ನೂರು ರೂಪಾಯಿ. ಆ ತುಂಡು ಮಾತ್ರ ಕೊಡುವುದಿಲ್ಲ.